ಕಾಮಿಕ್ಸ್ ಸಮಾವೇಶಗಳಲ್ಲಿ ಸ್ವತಂತ್ರ ಚಿತ್ರಕಾರರ ಮಳಿಗೆ

ಕಾಮಿಕ್ಸ್ ಕಲಾವಿದರು ತಾವೇ ಬರೆದು, ತಾವೇ ಅಚ್ಚುಹಾಕಿಸಿದ ಪುಸ್ತಕಗಳನ್ನು ಸಮಾವೇಶದಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದು ಓದುಗರಿಗೆ ನೇರವಾಗಿ ಮಾರುವ ಪದ್ಧತಿ. ಇದು ಅಮೆರಿಕ, ಜಪಾನ್, ಬ್ರಿಟನ್‌ಗಳಲ್ಲಿ 1970 ಮತ್ತು 1980ರ ದಶಕಗಳಲ್ಲಿ ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ರೂಪುಗೊಂಡಿತು. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಕಥೆ ಬರೆಯುವವರು ಒಬ್ಬರು, ಪೆನ್ಸಿಲಿನಲ್ಲಿ ಚಿತ್ರ ಹಾಕುವವರು ಇನ್ನೊಬ್ಬರು, ಅದರ ಮೇಲೆ ಇಂಕು ಹಾಕುವವರು, ಬಣ್ಣ ತುಂಬುವವರು ಮತ್ತೆ ಬೇರೆಯವರು. ಪಾತ್ರಗಳ ಒಡೆತನ ಮಾತ್ರ ಸಂಸ್ಥೆಯದು. ಸ್ವತಂತ್ರ ಚಿತ್ರಕಾರರು ಇಷ್ಟನ್ನೂ ಒಬ್ಬರೇ ಮಾಡುತ್ತಾರೆ. ಹಕ್ಕೂ ಅವರದೇ, ನಷ್ಟವೂ ಅವರದೇ. ಕಾಮಿಕ್ಸ್ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಸಿದ್ಧ ಪಾತ್ರಗಳ ಮತ್ತು ಪ್ರಕಾಶಕರ ಸುತ್ತ ಹೇಳುವುದು ವಾಡಿಕೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಈ ಕಲೆಗೆ ಬಂದ ಹೊಸತನದಲ್ಲಿ ದೊಡ್ಡ ಪಾಲು ಮೊದಲು ಕಂಡದ್ದು ಇಂಥ ಮೇಜುಗಳ ಮೇಲೆ. ಹಾಗಾಗಿ ಆ ಮೇಜು ಯಾರಿಗೆ, ಎಷ್ಟಕ್ಕೆ, ಯಾವ ನಿಯಮದ ಮೇಲೆ ಸಿಕ್ಕಿತು ಎಂಬುದನ್ನೂ ಚರಿತ್ರೆಯಾಗಿಯೇ ಓದಬೇಕು.

ಮೊದಮೊದಲ ಸಮಾವೇಶಗಳಲ್ಲಿ ಚಿತ್ರಕಾರರು ಅತಿಥಿಗಳಾಗಿದ್ದರೇ ಹೊರತು ಮಾರಾಟಗಾರರಾಗಿರಲಿಲ್ಲ. 1964ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಹದಿಹರೆಯದ ಅಭಿಮಾನಿಗಳು ಒಂದು ದಿನದ ಕೂಟ ನಡೆಸಿದರು. 1968ರಿಂದ ಬ್ರೂಕ್ಲಿನ್‌ನ ಶಾಲಾ ಶಿಕ್ಷಕ ಫಿಲ್ ಸ್ಯೂಲಿಂಗ್ ಅದೇ ಊರಿನಲ್ಲಿ ವರ್ಷಕ್ಕೊಂದು ದೊಡ್ಡ ಸಮಾವೇಶ ಏರ್ಪಡಿಸತೊಡಗಿದರು. 1970ರ ಮಾರ್ಚ್ 21ರಂದು ಸ್ಯಾನ್ ಡಿಯೇಗೊದಲ್ಲಿ ನಡೆದ ಕೂಟಕ್ಕೆ ಬಂದವರು ನೂರಕ್ಕೆ ಸ್ವಲ್ಪ ಹೆಚ್ಚು. ಅದೇ ಮುಂದೆ ಲಕ್ಷಕ್ಕೂ ಮೀರಿ ಜನ ಸೇರುವ ಕಾಮಿಕ್-ಕಾನ್ ಆಯಿತು. ಎಲ್ಲ ಕಡೆಯೂ ಮೇಜುಗಳ ಮೇಲೆ ಇರುತ್ತಿದ್ದುದು ಹಳೆಯ ಸಂಚಿಕೆಗಳು. ಮಾರುವವರು ಸಂಗ್ರಾಹಕರು, ಕೊಳ್ಳುವವರೂ ಸಂಗ್ರಾಹಕರು.

ತಮ್ಮ ಪುಸ್ತಕವನ್ನು ತಾವೇ ಮಾರುವ ಛಲ ಬಂದದ್ದು ಸಮಾವೇಶದಿಂದಲ್ಲ, ಬೀದಿಯಿಂದ. 1968ರಲ್ಲಿ ರಾಬರ್ಟ್ ಕ್ರಂಬ್ ತಮ್ಮ 'ಝ್ಯಾಪ್ ಕಾಮಿಕ್ಸ್'ನ ಮೊದಲ ಸಂಚಿಕೆಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಹೇಟ್ ಬೀದಿಯಲ್ಲಿ ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದರು. ಅಲ್ಲಿಂದ ಹೊರಟ ಭೂಗತ ಕಾಮಿಕ್ಸ್ ಮಾದಕವಸ್ತು ಸೇವನೆಯ ಪರಿಕರ ಮಾರುವ ಅಂಗಡಿಗಳನ್ನು ನೆಚ್ಚಿಕೊಂಡಿತ್ತು. 1973ರಲ್ಲಿ ಅಶ್ಲೀಲತೆ ಕುರಿತು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಮತ್ತು ಆ ಅಂಗಡಿಗಳ ಮೇಲಿನ ದಾಳಿಗಳಿಂದ ಆ ದಾರಿ ಕುಗ್ಗಿತು. ಅದೇ ಹೊತ್ತಿಗೆ ಸ್ಯೂಲಿಂಗ್ ಇನ್ನೊಂದು ದಾರಿ ತೆರೆದರು: ಪತ್ರಿಕಾ ಏಜೆಂಟರನ್ನು ಬಿಟ್ಟು, ಕಾಮಿಕ್ಸ್‌ಗೆಂದೇ ಇರುವ ಅಂಗಡಿಗಳಿಗೆ ನೇರ ಸರಬರಾಜು. ಅಂಗಡಿಯವರಿಗೆ ರಿಯಾಯಿತಿ ಹೆಚ್ಚು, ಆದರೆ ಉಳಿದ ಪ್ರತಿ ವಾಪಸು ಕಳಿಸುವಂತಿಲ್ಲ. ಈ ಏರ್ಪಾಡಿನ ನಿಜವಾದ ಲಾಭ ಸಣ್ಣವರಿಗೆ. ಎಷ್ಟು ಬೇಡಿಕೆ ಬಂತೋ ಅಷ್ಟೇ ಅಚ್ಚುಹಾಕಬಹುದು. 1976ರಲ್ಲಿ ಹಾರ್ವೆ ಪೀಕರ್ ಅವರ 'ಅಮೆರಿಕನ್ ಸ್ಪ್ಲೆಂಡರ್', 1977ರಲ್ಲಿ ಕೆನಡಾದ ಡೇವ್ ಸಿಮ್ ಅವರ 'ಸೆರೆಬಸ್', 1978ರಲ್ಲಿ ವೆಂಡಿ ಮತ್ತು ರಿಚರ್ಡ್ ಪಿನಿ ದಂಪತಿಯ 'ಎಲ್ಫ್‌ಕ್ವೆಸ್ಟ್' ಹೊರಬಂದವು.

ಮೇಜಿನ ಶಕ್ತಿ ಎಲ್ಲರ ಕಣ್ಣಿಗೆ ಬಿದ್ದದ್ದು 1984ರ ಮೇ ತಿಂಗಳಲ್ಲಿ. ನ್ಯೂ ಹ್ಯಾಂಪ್‌ಷೈರ್‌ನ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ತೆರಿಗೆ ಮರುಪಾವತಿಯಿಂದ ಬಂದ ಹಣಕ್ಕೆ ಬಂಧುವೊಬ್ಬರಿಂದ ಪಡೆದ ಸಾಲ ಸೇರಿಸಿ, ಸುಮಾರು 3,000 ಪ್ರತಿ ಕಪ್ಪು-ಬಿಳುಪು ಕಾಮಿಕ್ಸ್ ಅಚ್ಚುಹಾಕಿಸಿದರು. ಬೆಲೆ ಒಂದೂವರೆ ಡಾಲರ್. ಪೋರ್ಟ್ಸ್‌ಮತ್ ಊರಿನ ಹೋಟೆಲೊಂದರಲ್ಲಿ ನಡೆದ ಪುಟ್ಟ ಸಮಾವೇಶದಲ್ಲಿ ಅದು ಬಿಡುಗಡೆಯಾಯಿತು. 'ಟೀನೇಜ್ ಮ್ಯುಟಂಟ್ ನಿಂಜಾ ಟರ್ಟಲ್ಸ್' ಎಂಬ ಆ ಪುಸ್ತಕ ಮುಂದೆ ಟಿವಿ, ಸಿನಿಮಾ, ಆಟಿಕೆಗಳಾಗಿ ಜಗತ್ತನ್ನೆಲ್ಲ ಸುತ್ತಿತು. ಇದನ್ನು ನೋಡಿ ಹಣ ಹೂಡಲು ನುಗ್ಗಿದವರಿಂದ ಕಪ್ಪು-ಬಿಳುಪು ಕಾಮಿಕ್ಸ್‌ಗೆ ವಿಪರೀತ ಬೇಡಿಕೆ ಹುಟ್ಟಿ, 1987ರ ಹೊತ್ತಿಗೆ ಅದು ಕುಸಿದು ಎಷ್ಟೋ ಸಣ್ಣ ಪ್ರಕಾಶಕರು ಮುಳುಗಿದರು. ಆದರೆ ಲೇರ್ಡ್ ತಮ್ಮ ಗಳಿಕೆಯಿಂದ 1992ರಲ್ಲಿ ಸ್ಥಾಪಿಸಿದ ಝೆರಿಕ್ ಪ್ರತಿಷ್ಠಾನ ಎರಡು ದಶಕ ಕಾಲ ಸ್ವಯಂಪ್ರಕಾಶಕ ಚಿತ್ರಕಾರರಿಗೆ ಅಚ್ಚಿನ ಖರ್ಚಿಗೆ ಅನುದಾನ ಕೊಟ್ಟಿತು. ಆಮೆಗಳ ಯಶಸ್ಸಿಗಿಂತ ಇದು ದೊಡ್ಡ ಕೊಡುಗೆ.

ಬ್ರಿಟನ್ನಿನ ಕಥೆ ಚಿಕ್ಕದು, ಆದರೆ ಮನಸ್ಸು ತುಂಬುವಂಥದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ನಡೆಯುತ್ತಿದ್ದ ಕಾಮಿಕ್ಸ್ ಸಂತೆಯಲ್ಲಿ 1981ರಿಂದ ಪಾಲ್ ಗ್ರಾವೆಟ್ 'ಫಾಸ್ಟ್ ಫಿಕ್ಷನ್' ಹೆಸರಿನಲ್ಲಿ ಒಂದು ಮೇಜು ಹಿಡಿದರು. ಸ್ವಂತಕ್ಕೆ ಮೇಜು ಹಿಡಿಯಲಾಗದ ಯಾರಾದರೂ ತಮ್ಮ ಜೆರಾಕ್ಸ್ ಪುಸ್ತಿಕೆಗಳನ್ನು ಅಲ್ಲಿ ಮಾರಾಟಕ್ಕೆ ಇಡಬಹುದಿತ್ತು. ಎಡ್ಡಿ ಕ್ಯಾಂಪ್‌ಬೆಲ್, ಎಡ್ ಪಿನ್ಸೆಂಟ್, ಫಿಲ್ ಎಲಿಯಟ್ ಮುಂತಾದ ಒಂದು ತಲೆಮಾರು ಆ ಒಂದೇ ಮೇಜಿನ ಸುತ್ತ ಬೆಳೆಯಿತು.

ಜಪಾನಿನಲ್ಲಿ ಮೇಜೇ ಸಮಾವೇಶವಾಯಿತು. 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ಯೊನೆಝಾವಾ ಯೋಶಿಹಿರೊ ಮತ್ತು ಗೆಳೆಯರ 'ಮೇಯ್ಕ್ಯೂ' ಬಳಗ ಮೊದಲ ಕಾಮಿಕ್ ಮಾರ್ಕೆಟ್, ಅಂದರೆ ಕಾಮಿಕೆಟ್ ನಡೆಸಿತು. 32 ಬಳಗಗಳು ಮೇಜು ಹಾಕಿದ್ದವು. ಬಂದವರು ಸುಮಾರು 700. ದೋಜಿನ್‌ಷಿ, ಅಂದರೆ ಆಸಕ್ತರ ಬಳಗವೊಂದು ತಾನೇ ಅಚ್ಚುಹಾಕಿಸಿಕೊಂಡ ಪುಸ್ತಕ, ಇಲ್ಲಿನ ಸರಕು. ಇಲ್ಲಿ ಗ್ರಾಹಕರು ಎಂಬವರಿಲ್ಲ, ಮಾರುವವರು, ಕೊಳ್ಳುವವರು, ಸ್ವಯಂಸೇವಕರು ಎಲ್ಲರೂ ಸಮಾನವಾಗಿ ಭಾಗವಹಿಸುವವರೇ ಎಂಬುದು ಕಾಮಿಕೆಟ್‌ನ ಮೂಲ ತತ್ತ್ವ. 1996ರಿಂದ ಟೋಕಿಯೊ ಬಿಗ್ ಸೈಟ್ ಎಂಬ ಪ್ರದರ್ಶನ ಸಂಕೀರ್ಣದಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತಿದ್ದು, ಮೂರು ದಿನಗಳಲ್ಲಿ 35,000ದಷ್ಟು ಬಳಗಗಳು, ಐದು ಲಕ್ಷಕ್ಕೂ ಹೆಚ್ಚು ಜನ ಸೇರುವ ಮಟ್ಟಕ್ಕೆ ಬೆಳೆಯಿತು. ಇಷ್ಟಾದರೂ ಒಂದು ಬಳಗಕ್ಕೆ ಸಿಗುವುದು ಅರ್ಧ ಮೇಜು, ಅದೂ ಲಾಟರಿಯಲ್ಲಿ. ಜನಪ್ರಿಯ ಬಳಗಗಳನ್ನು ಗೋಡೆಯ ಉದ್ದಕ್ಕೆ ಕೂರಿಸುತ್ತಾರೆ. ಅವರ ಮುಂದಿನ ಸಾಲು ಬಾಗಿಲಿನಿಂದ ಹೊರಗೆ ಹೋಗಲಿ, ಉಳಿದವರ ಮೇಜಿಗೆ ಅಡ್ಡವಾಗದಿರಲಿ ಎಂದು. ಪ್ರತಿ ಬಳಗವೂ ಹೊಸ ಪುಸ್ತಕದ ಒಂದು ಮಾದರಿ ಪ್ರತಿಯನ್ನು ಆ ದಿನ ಸಂಘಟಕರಿಗೆ ಒಪ್ಪಿಸಬೇಕು. 1991ರಲ್ಲಿ ಅಶ್ಲೀಲತೆಯ ವಿವಾದದಿಂದ ಕಾಮಿಕೆಟ್ ಮಕುಹಾರಿ ಮೆಸ್ಸೆ ಸಭಾಂಗಣವನ್ನೇ ಕಳೆದುಕೊಂಡಿತು. ಆ ಬಳಿಕ ಮಾದರಿ ಪ್ರತಿಗಳ ಪರಿಶೀಲನೆ ಬಿಗಿಯಾಯಿತು. ಕಾಮಿಕೆಟ್‌ನಲ್ಲಿ ಹೆಸರಾಂತ ಪಾತ್ರಗಳನ್ನು ಇಟ್ಟುಕೊಂಡು ಬರೆದ ಅಭಿಮಾನಿ ಕಥೆಗಳದೇ ದೊಡ್ಡ ಪಾಲು. ಸ್ವಂತ ಕಥೆಗಳಿಗೆ ಮಾತ್ರ ಜಾಗ ಕೊಡುವ 'ಕೊಮಿಟಿಯಾ' 1984ರಲ್ಲಿ ಪ್ರತ್ಯೇಕವಾಗಿ ಆರಂಭವಾಯಿತು.

ಅಮೆರಿಕದಲ್ಲಿ 1988ರಲ್ಲಿ ನಾರ್ತಾಂಪ್ಟನ್‌ನಲ್ಲಿ ಸೇರಿದ ಚಿತ್ರಕಾರರು ಸ್ಕಾಟ್ ಮೆಕ್‌ಕ್ಲೌಡ್ ಮುಖ್ಯವಾಗಿ ರೂಪಿಸಿದ ಸೃಷ್ಟಿಕರ್ತರ ಹಕ್ಕುಪತ್ರಕ್ಕೆ ಸಹಿ ಹಾಕಿದರು. 1991ರಲ್ಲಿ ಜೆಫ್ ಸ್ಮಿತ್ 'ಬೋನ್' ಎಂಬ ಕಾಮಿಕ್ಸ್ ಆರಂಭಿಸಿದರು. ಪತ್ನಿ ವಿಜಯಾ ಅಯ್ಯರ್ ಪ್ರಕಾಶನದ ವ್ಯವಹಾರ ನೋಡಿಕೊಂಡರು. 2004ರಲ್ಲಿ ಕಥೆ ಮುಗಿದ ಮರುವರ್ಷವೇ ಸ್ಕೊಲಾಸ್ಟಿಕ್ ಸಂಸ್ಥೆ ಅದರ ವರ್ಣಮುದ್ರಣ ತಂದು ಶಾಲಾ ಮಕ್ಕಳಿಗೆ ತಲುಪಿಸಿತು. ಆದರೆ ಆ ನಡುವಿನ ವರ್ಷಗಳು ಸಣ್ಣವರಿಗೆ ಕಠಿಣವಾಗಿದ್ದವು. 1994ರ ಕೊನೆಗೆ ಮಾರ್ವೆಲ್ ಸಂಸ್ಥೆ ತನ್ನದೇ ವಿತರಕನನ್ನು ಕೊಂಡುಕೊಂಡದ್ದರಿಂದ ಎದ್ದ ಅಲ್ಲೋಲಕಲ್ಲೋಲ 1996ರಲ್ಲಿ ಕೊನೆಗೊಂಡದ್ದು ಡೈಮಂಡ್ ಎಂಬ ಒಬ್ಬನೇ ದೊಡ್ಡ ವಿತರಕ ಉಳಿಯುವುದರೊಂದಿಗೆ. ಆತ ಪಟ್ಟಿಗೆ ಸೇರಿಸದಿದ್ದರೆ ಪುಸ್ತಕ ಅಂಗಡಿ ತಲುಪುತ್ತಿರಲಿಲ್ಲ. 2009ರಲ್ಲಿ ಡೈಮಂಡ್ ಒಂದು ಪುಸ್ತಕಕ್ಕೆ ಬರಬೇಕಾದ ಕನಿಷ್ಠ ಬೇಡಿಕೆಯನ್ನು 1,500ರಿಂದ 2,500 ಡಾಲರಿಗೆ ಏರಿಸಿದಾಗ ಎಷ್ಟೋ ಸಣ್ಣ ಪುಸ್ತಕಗಳಿಗೆ ಅಂಗಡಿಯ ಬಾಗಿಲು ಮುಚ್ಚಿತು.

ಸಣ್ಣವರಿಗೆಂದೇ ಸಮಾವೇಶಗಳು ಹುಟ್ಟಿದ್ದು ಈ ಇಕ್ಕಟ್ಟಿನ ಹೊಸ್ತಿಲಲ್ಲಿ. 1994ರಲ್ಲಿ ಡ್ಯಾನ್ ವಾಡೊ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಆಲ್ಟರ್ನೇಟಿವ್ ಪ್ರೆಸ್ ಎಕ್ಸ್‌ಪೋ ಆರಂಭಿಸಿದರು. ಅದೇ ವರ್ಷ ಮೇರಿಲ್ಯಾಂಡ್‌ನ ಬೆಥೆಸ್ಡಾದಲ್ಲಿ ಸ್ಮಾಲ್ ಪ್ರೆಸ್ ಎಕ್ಸ್‌ಪೋ, ಅಂದರೆ ಎಸ್‌ಪಿಎಕ್ಸ್, ಶುರುವಾಯಿತು. ಇಲ್ಲಿ ಹಳೆಯ ಸಂಚಿಕೆ ಮಾರುವ ವ್ಯಾಪಾರಿಗಳಿಗೆ, ಸಿನಿಮಾ ತಾರೆಯರಿಗೆ ಜಾಗವಿಲ್ಲ. 1997ರಿಂದ ಎಸ್‌ಪಿಎಕ್ಸ್ ಕೊಡುತ್ತಿರುವ ಇಗ್ನಾಟ್ಸ್ ಪ್ರಶಸ್ತಿಗೆ ಐವರು ಚಿತ್ರಕಾರರ ಸಮಿತಿ ನಾಮನಿರ್ದೇಶನ ಮಾಡುತ್ತದೆ, ಮತ ಹಾಕುವವರು ಓದುಗರು. ಗೆದ್ದವರಿಗೆ ಸಿಗುವುದು ಒಂದು ಇಟ್ಟಿಗೆ. ಜಾರ್ಜ್ ಹೆರಿಮನ್ ಅವರ 'ಕ್ರೇಜಿ ಕ್ಯಾಟ್' ಚಿತ್ರಮಾಲೆಯಲ್ಲಿ ಇಗ್ನಾಟ್ಸ್ ಎಂಬ ಇಲಿ ಬೆಕ್ಕಿನ ತಲೆಗೆ ಗುರಿಯಿಟ್ಟು ಎಸೆಯುತ್ತಿದ್ದ ಇಟ್ಟಿಗೆ ಅದು. 2001ರಲ್ಲಿ ಸೆಪ್ಟೆಂಬರ್ 11ರ ದಾಳಿಯ ಮೂರೇ ದಿನಕ್ಕೆ ಆರಂಭವಾಗಬೇಕಿದ್ದ ಎಸ್‌ಪಿಎಕ್ಸ್ ರದ್ದಾಯಿತು. 2011ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅಲ್ಲಿನ ಮೇಜುಗಳಿಂದ ಪುಸ್ತಿಕೆಗಳನ್ನು ಆರಿಸಿ ಸಂಗ್ರಹಿಸಲು ಒಪ್ಪಂದ ಮಾಡಿಕೊಂಡಿತು. ನಲವತ್ತು ಐವತ್ತು ಪ್ರತಿಯಷ್ಟೇ ಅಚ್ಚಾದ ಪುಸ್ತಿಕೆಯೂ ಹೀಗೆ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿಯುವಂತಾದದ್ದು ಈ ಚರಿತ್ರೆಯ ಅತ್ಯಂತ ನ್ಯಾಯವಾದ ಘಟನೆಗಳಲ್ಲಿ ಒಂದು. ನ್ಯೂಯಾರ್ಕಿನ ಮೊಕ್ಕಾ ಫೆಸ್ಟ್ (2002), 2009ರಿಂದ ಹಲವು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲೇ ಉಚಿತ ಪ್ರವೇಶದೊಂದಿಗೆ ನಡೆದ ಟೊರಾಂಟೊ ಕಾಮಿಕ್ ಆರ್ಟ್ಸ್ ಫೆಸ್ಟಿವಲ್ (2003), ಚಿಕಾಗೊದ ಕೇಕ್ (2012) ಇದೇ ಪರಂಪರೆಯವು.

ಈ ಮೇಜುಗಳ ವಿಶಿಷ್ಟ ಸರಕು ಮಿನಿ-ಕಾಮಿಕ್. ಹಾಳೆಯ ಎರಡೂ ಬದಿಗೆ ಜೆರಾಕ್ಸ್ ಮಾಡಿಸಿ, ನಡುವೆ ಮಡಚಿ, ಬೆನ್ನಿಗೆ ಎರಡು ಪಿನ್ನು ಹೊಡೆದರೆ ಪುಸ್ತಕ ಸಿದ್ಧ. ಒಂದು ಹಾಳೆಗೆ ನಾಲ್ಕು ಪುಟ. ಆದ್ದರಿಂದ ಕಥೆಯನ್ನು ಎಂಟು, ಹನ್ನೆರಡು, ಹದಿನಾರು ಪುಟಗಳಲ್ಲೇ ಮುಗಿಸಬೇಕು. ಹದಿನಾರು ಪುಟದ ಪುಸ್ತಿಕೆಯಲ್ಲಿ ಹೊರಹಾಳೆಯ ಒಂದು ಬದಿಗೆ 16 ಮತ್ತು 1ನೇ ಪುಟಗಳು ಜೊತೆಯಾಗಿ ಬರುತ್ತವೆ, ಹಿಂಬದಿಗೆ 2 ಮತ್ತು 15. ಈ ಜೋಡಣೆ ತಪ್ಪಿದರೆ ಕಥೆಯೇ ಕಲಸಿಹೋಗುತ್ತದೆ. ಸಾಮಾನ್ಯ ಸ್ಟೇಪ್ಲರ್ ನಡುಮಡಿಕೆಯವರೆಗೆ ಚಾಚುವುದಿಲ್ಲ. ಉದ್ದ ಕತ್ತಿನದು ಬೇಕು. ಸಮಾವೇಶದ ಹಿಂದಿನ ರಾತ್ರಿ ಹೋಟೆಲ್ ಕೋಣೆಯಲ್ಲಿ ಕುಳಿತು ಮಡಚುವುದು, ಪಿನ್ನು ಹೊಡೆಯುವುದು ಈ ವಲಯದಲ್ಲಿ ತೀರ ಮಾಮೂಲು.

ಲೆಕ್ಕಾಚಾರ ಮಾತ್ರ ಎಂದೂ ಸಲೀಸಾಗಿಲ್ಲ. ಉದಾಹರಣೆಗೆ, ಮೇಜಿನ ಬಾಡಿಗೆ 400 ಡಾಲರ್, ಪ್ರಯಾಣ ಮತ್ತು ವಸತಿಗೆ 600 ಡಾಲರ್ ಎಂದಿಟ್ಟುಕೊಳ್ಳೋಣ. ಪುಸ್ತಕದ ಬೆಲೆ ಹತ್ತು ಡಾಲರ್, ಅಚ್ಚಿನ ಖರ್ಚು ಮೂರು. ಅಸಲು ಹುಟ್ಟಬೇಕಾದರೆ 143 ಪ್ರತಿ ಮಾರಬೇಕು. ದಿನಕ್ಕೆ ಎಂಟು ಗಂಟೆಯಂತೆ ಎರಡು ದಿನದಲ್ಲಿ ಗಂಟೆಗೆ ಒಂಬತ್ತು. ಪಕ್ಕದವರೊಂದಿಗೆ ಅರ್ಧ ಮೇಜು ಹಂಚಿಕೊಳ್ಳುವುದು, ಒಂದೇ ಕೋಣೆಯಲ್ಲಿ ನಾಲ್ವರು ಮಲಗುವುದು, ಪುಸ್ತಕದ ಜೊತೆಗೆ ಪ್ರಿಂಟು, ಸ್ಟಿಕರ್, ಬ್ಯಾಡ್ಜ್ ಇಡುವುದು ಇದಕ್ಕಾಗಿಯೇ. ಆದರೂ ಅಂಗಡಿಯಲ್ಲಿ ಮಾರಾಟವಾದರೆ ಮುಖಬೆಲೆಯ ಅರ್ಧಕ್ಕಿಂತ ಹೆಚ್ಚು ವಿತರಕರಿಗೆ ಮತ್ತು ಅಂಗಡಿಗೆ ಹೋಗುತ್ತದೆ, ಮೇಜಿನಲ್ಲಿ ಪೂರ್ತಿ ಕೈಗೇ ಬರುತ್ತದೆ. ದುಡ್ಡಿಗಿಂತ ಬೆಲೆಯುಳ್ಳದ್ದು ಇನ್ನೊಂದಿದೆ. ಎದುರಿಗೆ ನಿಂತವರು ಯಾವ ಪುಟದಲ್ಲಿ ನಕ್ಕರು, ಯಾವ ಪುಟದಲ್ಲಿ ಪುಸ್ತಕ ಮುಚ್ಚಿ ಕೆಳಗಿಟ್ಟರು ಎಂಬುದನ್ನು ಬರೆದವರೇ ಕಣ್ಣಾರೆ ನೋಡುವ ಅವಕಾಶ ಬೇರೆ ಸಾಹಿತ್ಯ ಪ್ರಕಾರಗಳಿಗೆ ಅಪರೂಪ.

ಮೇಜು ಹಂಚುವ ಬಗೆಯಲ್ಲಿ ಮೂರು ದಾರಿಗಳಿವೆ: ಮೊದಲು ಬಂದವರಿಗೆ ಕೊಡುವುದು, ಲಾಟರಿ, ತೀರ್ಪುಗಾರರ ಆಯ್ಕೆ. ಎಸ್‌ಪಿಎಕ್ಸ್ ಅರ್ಜಿಗಳ ಒತ್ತಡ ತಾಳಲಾರದೆ ಲಾಟರಿಗೆ ಬಂತು. ಆಯ್ಕೆಯಿಂದ ಸಭಾಂಗಣದ ಗುಣಮಟ್ಟ ಏರುವುದು ನಿಜ, ಆದರೆ ಗುರುತು ಪರಿಚಯ ಇರುವವರೇ ಮತ್ತೆ ಮತ್ತೆ ಒಳಬರುವ ಅಪಾಯವೂ ಇದೆ. ಮೊದಲ ಪುಸ್ತಿಕೆ ಕೈಯಲ್ಲಿ ಹಿಡಿದು ಬಂದವರಿಗೆ ಲಾಟರಿಯೇ ಹೆಚ್ಚು ನ್ಯಾಯ.

ಭಾರತದಲ್ಲಿ 2011ರ ಫೆಬ್ರವರಿಯಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಜತಿನ್ ವರ್ಮಾ ಮೊದಲ ಕಾಮಿಕ್ ಕಾನ್ ನಡೆಸಿದರು; ಮರುವರ್ಷ ಅದು ಬೆಂಗಳೂರಿಗೂ ಬಂತು. ಬೆಂಗಳೂರಿನ ಮಾಂಟಾ ರೇ ಬಳಗ ಮಾತೇ ಇಲ್ಲದ 'ಹಶ್' ಪುಸ್ತಕದ ಮೂಲಕ ಆ ಕಾಲದಲ್ಲಿ ಗಮನ ಸೆಳೆಯಿತು. ಈ ದೊಡ್ಡ ಸಮಾವೇಶಗಳಲ್ಲಿ ಸಿನಿಮಾ, ಗೇಮಿಂಗ್, ವೇಷಧಾರಿಗಳ ಸಡಗರವೇ ಮುಂದಾಗಿ ಪುಸ್ತಕದ ಮೇಜುಗಳು ಮೂಲೆಗೆ ಸರಿದಿವೆ. ಜಪಾನಿನ ದೋಜಿನ್‌ಷಿ ಲೋಕದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದ ಭರತ್ ಮೂರ್ತಿ ಮುಂದಾಳಾಗಿ ರೂಪಿಸಿದ ಇಂಡೀ ಕಾಮಿಕ್ಸ್ ಫೆಸ್ಟ್ ಸ್ವಯಂಪ್ರಕಟಿತ ಕಾಮಿಕ್ಸ್‌ಗೆಂದೇ ಇರುವ ಮೇಳ. ಅದು ಬೆಂಗಳೂರಿನಲ್ಲೂ ನಡೆದಿದೆ. ಎರಡೂ ಕಡೆ ಪುಸ್ತಕಗಳ ಭಾಷೆ ಬಹುಪಾಲು ಇಂಗ್ಲಿಷ್. ವ್ಯಂಗ್ಯಚಿತ್ರಕ್ಕೆ ಇಷ್ಟು ಗಟ್ಟಿ ಪರಂಪರೆಯಿರುವ ಕನ್ನಡದ ಪುಸ್ತಿಕೆಗಳು ಈ ಮೇಜುಗಳ ಮೇಲೆ ಹೆಚ್ಚಬೇಕು. ಬೇಕಿರುವುದು ನಾಲ್ಕು ಹಾಳೆ ಮತ್ತು ಒಂದು ಜೆರಾಕ್ಸ್ ಅಂಗಡಿ.

2020ರಲ್ಲಿ ಕೋವಿಡ್‌ನಿಂದ ಸ್ಯಾನ್ ಡಿಯೇಗೊ, ಕಾಮಿಕೆಟ್, ಎಸ್‌ಪಿಎಕ್ಸ್ ಎಲ್ಲವೂ ನಿಂತವು. ಎಸ್‌ಪಿಎಕ್ಸ್ 2021ರಲ್ಲೂ ಸೇರಲಿಲ್ಲ. ಮಾರ್ವೆಲ್, ಡಿಸಿಯಂಥ ದೊಡ್ಡ ಪ್ರಕಾಶಕರು ಆ ಅವಧಿಯಲ್ಲಿ ಡೈಮಂಡ್ ಬಿಟ್ಟು ಬೇರೆ ವಿತರಕರತ್ತ ಹೊರಳಿದರು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಯಿತು. ಸಣ್ಣ ಪ್ರಕಾಶಕರು ಮಾರಾಟವಾದ ಮೇಲೆ ಹಣ ಪಡೆಯುವ ಕರಾರಿನ ಮೇಲೆ ಅದರ ಗೋದಾಮಿನಲ್ಲಿ ಇಟ್ಟಿದ್ದ ಪುಸ್ತಕಗಳನ್ನು ಸಾಲ ತೀರಿಸಲು ಮಾರಿಬಿಡುವ ಪ್ರಸ್ತಾಪ ಅದೇ ವರ್ಷ ಬಂದಾಗ, ಆ ಪುಸ್ತಕಗಳು ಯಾರವು ಎಂಬ ತಕರಾರು ನ್ಯಾಯಾಲಯದ ಕಟ್ಟೆ ಹತ್ತಿತು.