ಸೊಸೈಟಿ ಕಾರ್ಡ್ ಇಲ್ಲದವರ ಹೊಟ್ಟೆನೋವು

ಆಸ್ಪತ್ರೆಯ ಸುದ್ದಿ ಬಂದಾಗಲೆಲ್ಲ ನಮ್ಮ ಸ್ಟುಡಿಯೋದಲ್ಲಿ ಕೇಳೋ ಪ್ರಶ್ನೆ ಎರಡೇ. ಡಾಕ್ಟರ್ ಇದ್ದಾರಾ? ಬೆಡ್ ಇದೆಯಾ? ನಾನೂ ಅದನ್ನೇ ಕೇಳಿದ್ದೇನೆ. ಆದರೆ ಇತಿಹಾಸ ತಿರುವಿ ಹಾಕಿದರೆ ಬೇರೆ ಪ್ರಶ್ನೆ ಎದುರಾಗುತ್ತೆ: ಆ ಬೆಡ್‌ವರೆಗೂ ಬರೋಕೆ ಆಗದವರು ಯಾರು?

1885ರಲ್ಲಿ ಅಂದಿನ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಒಂದು ನಿಧಿ ಶುರು ಮಾಡಿದರು. ಹೆಂಗಸರಿಗೆ ಮಹಿಳಾ ವೈದ್ಯರಿಂದಲೇ ಚಿಕಿತ್ಸೆ ಸಿಗಲಿ ಅನ್ನೋದು ಉದ್ದೇಶ. ಯಾಕಂದ್ರೆ, ಗಂಡಸು ಡಾಕ್ಟರ್ ಹತ್ತಿರ ಹೆಂಗಸರನ್ನು ಕಳಿಸೋಕೆ ಎಷ್ಟೋ ಮನೆಗಳು ಒಪ್ಪುತ್ತಿರಲಿಲ್ಲ. ಮದ್ದಿತ್ತು, ಹೊಸ್ತಿಲು ದಾಟೋಕೆ ಅಪ್ಪಣೆ ಇರಲಿಲ್ಲ.

1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತು. ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಸ್ಪಷ್ಟವಾಗಿ ಹೇಳಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದದ್ದೂ ಆ ವರದಿಯಿಂದಲೇ. ಆದರೆ ಹಳ್ಳಿಯವರಿಗೆ ಆಪರೇಷನ್ ಅಂದ್ರೆ ಪಟ್ಟಣ, ಪಟ್ಟಣ ಅಂದ್ರೆ ದುಡ್ಡು.

ಆ ಗೋಡೆಯಲ್ಲಿ ನಮ್ಮ ಕರ್ನಾಟಕ 2003ರಲ್ಲಿ ಒಂದು ಬಾಗಿಲು ಕೊರೆಯಿತು. ಅದೇ ಯಶಸ್ವಿನಿ. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಜೇಬಿಂದ ದುಡ್ಡು ಕೊಡದೇ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ಷರತ್ತು ಒಂದೇ, ಸಹಕಾರ ಸಂಘದ ಸದಸ್ಯರಾಗಿರಬೇಕು.

ಇದು ನಮ್ಮ ಮನೆ ಕಥೆಯೂ ಹೌದು. ಅಪ್ಪ ಸೊಸೈಟಿ ಸದಸ್ಯರು. ಅಮ್ಮನ ಪಿತ್ತಕೋಶದ ಕಲ್ಲಿಗೆ ಯಶಸ್ವಿನಿಯಲ್ಲೇ ಆಪರೇಷನ್ ಆಯ್ತು. ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಹೆಂಗಸಿಗೂ ಅದೇ ನೋವು. ಜಮೀನಿಲ್ಲ, ಸೊಸೈಟಿ ಇಲ್ಲ, ಕಾರ್ಡೂ ಇಲ್ಲ. "ಆಸ್ಪತ್ರೆಗೆ ಹೋಗೇ" ಅಂತ ಅಮ್ಮ ಹೇಳಿದರೆ, "ನಾನ್ ಮಲಿಕೊಂಡ್ರೆ ಮನೆ ನಡ್ಸೋರ್ಯಾರವ್ವ?" ಅನ್ನೋರು. ಕೊನೆಗೆ ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡರು. ಆ ಸಾಲ ತೀರಿಸೋಕೆ ಅವರ ಮಗ ಶಾಲೆ ಬಿಟ್ಟ. ಅವನು ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು. ನಾನು ಎಂಜಿನಿಯರ್ ಆದೆ.

ಅಂಥವರಿಗಾಗಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಆದರೆ ದೊಡ್ಡ ಆಸ್ಪತ್ರೆಗಳು ಹೆಚ್ಚಾಗಿ ಇದ್ದದ್ದು ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಲ್ಲಿ! ಹಾಗಾಗಿ ಊರುಗಳ ಕಡೆಗೇ ಹೋಗಿ ತಪಾಸಣಾ ಶಿಬಿರ ಮಾಡಬೇಕಾಯ್ತು. 2018ರಲ್ಲಿ ಇವೆಲ್ಲ ಸೇರಿ ಆರೋಗ್ಯ ಕರ್ನಾಟಕ ಆಯ್ತು. 2022ರಲ್ಲಿ ಯಶಸ್ವಿನಿಗೆ ಮತ್ತೆ ಜೀವ ಬಂತು.

ನಾನು ಯಾವ ಯೋಜನೆಯನ್ನೂ ಹಳಿಯುತ್ತಿಲ್ಲ. ನನ್ನ ಅಮ್ಮನ್ನ ಉಳಿಸಿದ ಯೋಜನೆಯನ್ನ ಹೇಗೆ ಹಳಿಯಲಿ? ಆದರೆ ಓವರ್‌ಹೆಡ್ ಟ್ಯಾಂಕ್ ತುಂಬಿದ ಮಾತ್ರಕ್ಕೆ ಕೊನೇ ಮನೆ ನಲ್ಲಿಗೆ ನೀರು ಬರಲ್ಲ. ಚಿಕಿತ್ಸೆ ಉಚಿತ ಅಂದರೂ ಬಸ್ ಚಾರ್ಜ್, ತಪ್ಪಿದ ಕೂಲಿ, ಜೊತೆಗೆ ಬರೋಕೆ ಒಬ್ಬರು, ಇವು ಯಾವುದೂ ಉಚಿತವಲ್ಲ.

ಮುಂದಿನ ಸಲ ಆಸ್ಪತ್ರೆ ಉದ್ಘಾಟನೆ ಲೈವ್ ಬಂದಾಗ, ಟೇಪ್ ಕತ್ತರಿಸೋರನ್ನ ಮಾತ್ರ ನೋಡಬೇಡಿ. ನಿಮ್ಮ ಬೀದಿಯಲ್ಲಿ ನೋವು ನುಂಗಿಕೊಂಡು ಕೆಲಸಕ್ಕೆ ಹೊರಟವರು ಯಾರು, ಅವರ ಹತ್ತಿರ ಕಾರ್ಡ್ ಇದೆಯಾ, ಒಮ್ಮೆ ಕೇಳಿ. ನಮ್ಮ ಮನೆಯಲ್ಲಿ ಅವತ್ತು ಯಾರೂ ಕೇಳಲಿಲ್ಲ.