ಶತ್ರು ಬರೆದ ಮೇಲೆ ಗೊತ್ತಾದ ಶೌರ್ಯ

ನಮ್ಮ ತೆಲಿಗಿ ಕಡೆ ಮಿಲಿಟರಿಯಿಂದ ರಿಟೈರ್ ಆಗಿ ಬಂದವರಿಗೆ ಒಂದು ಕಾಯಂ ಜಾಗ ಇರುತ್ತೆ. ಹೋಟೆಲ್ ಮುಂದಿನ ಬೆಂಚು, ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ, ಸುತ್ತ ನಾಲ್ಕು ಜನ. ಕತೆ ಶುರುವಾಯ್ತು ಅಂದ್ರೆ ಲಡಾಖಿನ ಚಳಿ ಹರಪನಹಳ್ಳಿ ತಾಲ್ಲೂಕಿನ ಬಿಸಿಲಿಗೆ ಬಂದುಬಿಡುತ್ತೆ. ಬೆಂಗಳೂರಲ್ಲಿ ಇದೇ ಕೆಲಸ ಸ್ವಲ್ಪ ಇಸ್ತ್ರಿ ಹಾಕಿದ ರೂಪದಲ್ಲಿ ನಡೆಯುತ್ತೆ. ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲೋ ಅಪಾರ್ಟ್‌ಮೆಂಟಿನ ಹಾಲಿನಲ್ಲೋ ಊಟದ ಕೂಟ. ಬ್ಲೇಜರ್ ಹಾಕಿದ ಹಿರಿಯ ಪೈಲಟ್ ಒಬ್ಬರು ಎದ್ದು ನಿಂತು ತಾವು ಹಾರಿಸಿದ ಹಂಟರ್, ನ್ಯಾಟ್ ವಿಮಾನಗಳ ಬಗ್ಗೆ ಮಾತಾಡ್ತಾರೆ. ವಾಯುಪಡೆಯ ತರಬೇತಿ ಕಮಾಂಡ್, ಜಾಲಹಳ್ಳಿ, ಯಲಹಂಕ, ಎಚ್‌ಎಎಲ್ ಎಲ್ಲ ಇರೋ ಊರು ಇದು. ರಿಟೈರ್ ಆದ ಪೈಲಟ್‌ಗಳು ಇಲ್ಲಿ ನೆಲೆಸೋದು ಸಹಜ.

ಇಂಥ ಮಾತುಗಳನ್ನ ನಾವು ಸಾಮಾನ್ಯವಾಗಿ ಹೇಗೆ ಕೇಳ್ತೀವಿ? ಚಪ್ಪಾಳೆ ಹೊಡೀತೀವಿ, ಒಂದು ಸೆಲ್ಫಿ ತಗೋತೀವಿ, ಐಸ್‌ಕ್ರೀಮ್ ಕಡೆ ನಡೀತೀವಿ. ಈ ಮಾತುಗಳಲ್ಲಿ ಎಷ್ಟು ಇತಿಹಾಸ ಅಡಗಿರುತ್ತೆ, ಅದು ಕಳೆದುಹೋಗೋದು ಎಷ್ಟು ಸುಲಭ ಅನ್ನೋದಕ್ಕೆ ಕೊಡಗಿನ ಒಬ್ಬ ಪೈಲಟ್‌ನ ಉದಾಹರಣೆ ಕೊಡ್ತೀನಿ.

ಅವರ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರಲ್ಲಿ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್, ಹೊಸಬರಿಗೆ ವಿಮಾನ ಹಾರಿಸೋದನ್ನ ಕಲಿಸುವ ಮೇಷ್ಟ್ರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅವರನ್ನ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಆ ಸ್ಕ್ವಾಡ್ರನ್ ಹತ್ತಿರ ಇದ್ದದ್ದು ಫ್ರಾನ್ಸಿನ ಮಿಸ್ಟಿಯರ್ ವಿಮಾನಗಳು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ನೆಲೆಗೆ ನುಗ್ಗಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನ ಸುಟ್ಟುಹಾಕಿದ್ದವು. ಮರುದಿನ, ಅಂದ್ರೆ ಸೆಪ್ಟೆಂಬರ್ 7ರ ನಸುಕಿನಲ್ಲಿ, ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆ ಸರ್ಗೋಧಾ ಮೇಲೆ ದಾಳಿ ಮಾಡೋ ಕೆಲಸ 1ನೇ ಸ್ಕ್ವಾಡ್ರನ್‌ಗೆ ಬಂತು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ.

ಆ ದಾಳಿಯಲ್ಲಿ ದೇವಯ್ಯ ಇದ್ದದ್ದು ಸ್ಟ್ಯಾಂಡ್‌ಬೈ ಆಗಿ. ಮುಖ್ಯ ತಂಡದಲ್ಲಿ ಯಾರಿಗಾದರೂ ತೊಂದರೆ ಆದ್ರೆ ಮಾತ್ರ ಹೋಗಬೇಕು, ಇಲ್ಲದಿದ್ರೆ ಇಲ್ಲ. ಒಂದು ವಿಮಾನ ಹಿಂದೆ ಉಳಿಯಿತು, ಇವರು ಸೇರಿಕೊಂಡರು. ದಾಳಿ ಮುಗಿಸಿ ತಂಡ ಆದಂಪುರಕ್ಕೆ ಮರಳಿತು. ದೇವಯ್ಯ ಬರಲಿಲ್ಲ.

ಏನಾಯ್ತು ಅಂತ ನೋಡಿದವರು ಯಾರೂ ಇಲ್ಲ. ನೆಲಕ್ಕೆ ಹತ್ತಿರವಾಗಿ, ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ, ಶತ್ರುವಿನ ನೆಲದ ಮೇಲೆ, ಇಂಧನದ ಮುಳ್ಳು ನೋಡ್ಕೊಂಡು ವಾಪಸ್ ಬರ್ತಿರೋ ಪೈಲಟ್‌ಗೆ ಹಿಂದಿನವನು ಎಲ್ಲಿ ಅಂತ ತಿರುಗಿ ನೋಡೋ ಪುರುಸೊತ್ತು ಇರಲ್ಲ. ಕಡತದಲ್ಲಿ ಉಳಿದದ್ದು ಒಂದೇ ಮಾತು: ಕಾಣೆಯಾಗಿದ್ದಾರೆ. ಆಮೇಲೆ, ಮೃತಪಟ್ಟಿದ್ದಾರೆ ಎಂದು ಭಾವಿಸಲಾಗಿದೆ. ಹೆಂಡತಿ ಮಕ್ಕಳಿಗೆ ಸಿಕ್ಕಿದ್ದೂ ಅಷ್ಟೇ.

ಹದಿನಾಲ್ಕು ವರ್ಷ ಹೀಗೇ ಕಳೀತು. 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಬರಹಗಾರ ಆ ಯುದ್ಧದ ಬಗ್ಗೆ ಒಂದು ಪುಸ್ತಕ ತಂದ. ಅವನಿಗೆ ವಿವರ ಕೊಟ್ಟದ್ದು ಪಾಕಿಸ್ತಾನದ ವಾಯುಪಡೆ. ಪುಸ್ತಕ ಇದ್ದದ್ದೂ ಅವರ ಪರವಾಗಿಯೇ. ಅದರಲ್ಲಿ ಹೀಗೊಂದು ಪ್ರಸಂಗ ಬರುತ್ತೆ. ಆ ಬೆಳಿಗ್ಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತನ್ನ ಸ್ಟಾರ್‌ಫೈಟರ್‌ನಲ್ಲಿ ಒಂದು ಮಿಸ್ಟಿಯರ್ ಬೆನ್ನಟ್ಟಿದ. ಸ್ಟಾರ್‌ಫೈಟರ್ ಅಂದ್ರೆ ಆ ಕಾಲಕ್ಕೆ ಶಬ್ದದ ಎರಡರಷ್ಟು ವೇಗದಲ್ಲಿ ಹೋಗೋ ಅಮೆರಿಕದ ವಿಮಾನ. ಮಿಸ್ಟಿಯರ್ ಶಬ್ದದ ವೇಗದ ಹತ್ತಿರ ಹೋದ್ರೇ ಹೆಚ್ಚು. ಓಡಿ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಅಮ್ಜದ್‌ನ ಗುಂಡುಗಳು ತಾಗಿದವು. ಮಿಸ್ಟಿಯರ್ ಕತೆ ಮುಗೀತು ಅಂದುಕೊಳ್ಳೋ ಹೊತ್ತಿಗೆ ಪೆಟ್ಟುತಿಂದ ಅದೇ ವಿಮಾನ ತಿರುಗಿ ಹೊಡೆದಾಟಕ್ಕೆ ನಿಂತಿತು. ಸ್ಟಾರ್‌ಫೈಟರ್‌ಗೆ ಗುಂಡು ಬಿತ್ತು. ಅಮ್ಜದ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡ. ಮಿಸ್ಟಿಯರ್‌ನ ಪೈಲಟ್ ಉಳಿಯಲಿಲ್ಲ.

ಆ ಪೈಲಟ್ ಯಾರು? ಲೆಕ್ಕ ಕಷ್ಟದ್ದೇನಲ್ಲ. ಆ ನಸುಕಿನ ದಾಳಿಯಿಂದ ವಾಪಸ್ ಬಾರದ ಮಿಸ್ಟಿಯರ್ ಒಂದೇ ಒಂದು. ಹಳೆಯ ಮುಂದಾಳು ತನೇಜಾ ಇದನ್ನ ಅಷ್ಟಕ್ಕೇ ಬಿಡಲಿಲ್ಲ. ಸರ್ಕಾರಕ್ಕೆ ಬರೆದರು. 1988ರಲ್ಲಿ, ಅಂದ್ರೆ ಸತ್ತು 23 ವರ್ಷ ಆದಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಇವತ್ತು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ. 2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ನೋಡಿದವರಿಗೆ ಈ ಕತೆ ಪರಿಚಯ ಇರಬಹುದು. ಅದಕ್ಕೆ ಪ್ರೇರಣೆ ಇದೇ ಘಟನೆ.

ಸಾಫ್ಟ್‌ವೇರ್ ಕೆಲಸದಲ್ಲಿರೋರಿಗೆ ಈ ಕತೆ ಬೇರೆ ಥರಾನೂ ಅರ್ಥ ಆಗುತ್ತೆ. ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಬಿದ್ದಾಗ ನಮ್ಮ ಕಡೆಯ ಲಾಗ್ ಒಂದನ್ನೇ ನೋಡಿದ್ರೆ ‘ಉತ್ತರ ಬರಲಿಲ್ಲ’ ಅಂತಷ್ಟೇ ಕಾಣುತ್ತೆ. ಆ ಕಡೆಯ ಲಾಗ್ ಸಿಕ್ಕಾಗಲೇ ಏನಾಯ್ತು ಅಂತ ಗೊತ್ತಾಗೋದು. ದೇವಯ್ಯನವರ ವಿಷಯದಲ್ಲಿ ನಮ್ಮ ಲಾಗ್ ‘ಕಾಣೆ’ ಅಂತ ನಿಂತುಬಿಟ್ಟಿತ್ತು. ಉಳಿದ ಸಾಲುಗಳು ಗಡಿಯಾಚೆ ಇದ್ದವು.

ಆದರೆ ಆಚೆಯ ಲಾಗ್ ಯಾವಾಗಲೂ ನಮಗೆ ಖುಷಿ ಕೊಡೋದನ್ನೇ ಹೇಳಲ್ಲ. ಅದೇ ತಿಂಗಳ 3ನೇ ತಾರೀಖು ಸ್ಕ್ವಾಡ್ರನ್ ಲೀಡರ್ ಟ್ರೆವರ್ ಕೀಲರ್ ನ್ಯಾಟ್ ವಿಮಾನದಲ್ಲಿ ಒಂದು ಸೇಬರ್ ಹೊಡೆದರು. ಯುದ್ಧದ ಮೊದಲ ಗೆಲುವು ಅಂತ ದೇಶವೆಲ್ಲ ಸಂಭ್ರಮಿಸಿತು. ಕೀಲರ್‌ಗೆ ವೀರ ಚಕ್ರ ಬಂತು. ನ್ಯಾಟ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗ್ತಿದ್ದ ವಿಮಾನ, ಹಾಗಾಗಿ ನಮ್ಮೂರಿಗೂ ಅದರಲ್ಲಿ ಪಾಲು. ಪಾಕಿಸ್ತಾನದವರ ವಿವರದ ಪ್ರಕಾರ ಮಾತ್ರ ಆ ಸೇಬರ್ ಪೆಟ್ಟು ತಿಂದರೂ ಬೀಳಲಿಲ್ಲ. ಅದರ ಪೈಲಟ್ ಅದನ್ನ ಹೇಗೋ ನೆಲೆಗೆ ತಂದು ಇಳಿಸಿದ. ಕೀಲರ್ ಸುಳ್ಳು ಹೇಳಿದರು ಅಂತ ಇದರರ್ಥ ಅಲ್ಲ. ಹೊಗೆ ಬಿಡುತ್ತಾ ಕೆಳಗೆ ಜಾರುವ ವಿಮಾನ ಕಂಡರೆ ಬಿತ್ತು ಅಂತಲೇ ಯಾರಿಗಾದರೂ ಅನಿಸೋದು. ಅದು ಆಮೇಲೆ ಎಲ್ಲಿ ಇಳಿಯಿತು ಅಂತ ನೋಡೋಕೆ ಅವರು ಅಲ್ಲಿ ನಿಂತಿರಲಿಲ್ಲ.

ಆ ಕಡೆಯೂ ಇದೇ ಪಾಡು. ಸೆಪ್ಟೆಂಬರ್ 7ರಂದೇ ಸರ್ಗೋಧಾ ಮೇಲೆ ಸ್ಕ್ವಾಡ್ರನ್ ಲೀಡರ್ ಎಂ. ಎಂ. ಆಲಂ ಒಂದೇ ಹೊಡೆದಾಟದಲ್ಲಿ ಐದು ಹಂಟರ್ ಉರುಳಿಸಿದ ಅಂತ ಪಾಕಿಸ್ತಾನದಲ್ಲಿ ಮಕ್ಕಳಿಗೂ ಗೊತ್ತು. ಆ ಹೊಡೆದಾಟದಲ್ಲಿ ನಾವು ಕಳಕೊಂಡ ಹಂಟರ್‌ಗಳ ಲೆಕ್ಕ ಅಷ್ಟಿಲ್ಲ. ದೇವಯ್ಯನವರ ವಿಷಯದಲ್ಲಿ ಅವರ ದಾಖಲೆಯನ್ನ ನಂಬಿ ಪದಕ ಕೊಟ್ಟ ನಾವು, ಕೀಲರ್ ವಿಷಯದಲ್ಲಿ ಅದನ್ನ ಓದದೇ ಬದಿಗಿಡೋದು ಸರಿಯಾಗಲ್ಲ. ಇತಿಹಾಸ ಬೇಕು ಅಂದ್ರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಹಾಗಾದ್ರೆ ಊಟದ ಕೂಟದ ಮಾತಿಗೆ ಏನು ಬೆಲೆ? ಬಹಳ ಇದೆ. ಕೊಡಗಿನವರೇ ಆದ ಏರ್ ಮಾರ್ಷಲ್ ಕೆ. ಸಿ. ಕಾರಿಯಪ್ಪ, ಫೀಲ್ಡ್ ಮಾರ್ಷಲ್ ಕಾರಿಯಪ್ಪನವರ ಮಗ, 1965ರ ಸೆಪ್ಟೆಂಬರ್ 22ರಂದು, ಯುದ್ಧ ಇನ್ನೇನು ನಿಲ್ಲೋ ಹೊತ್ತಲ್ಲಿ, ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿದ್ದು ಸೆರೆಸಿಕ್ಕರು. ಅವರ ತಂದೆಯ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗನಿಗೆ ವಿಶೇಷ ಸವಲತ್ತು ಬೇಡ, ಎಲ್ಲ ಸೈನಿಕರೂ ನನ್ನ ಮಕ್ಕಳೇ ಅನ್ನೋ ಅರ್ಥದಲ್ಲಿ ತಂದೆ ಉತ್ತರಿಸಿದ್ದು ಎಲ್ಲರಿಗೂ ಗೊತ್ತಿರೋ ಕತೆ. ಆದರೆ ಅಯೂಬರ ಹೆಂಡತಿ ಮತ್ತು ಮಗ ಆಸ್ಪತ್ರೆಗೆ ಬಂದು ನೋಡಿದ್ದು, ಸಿಗರೇಟು ಮತ್ತೊಂದು ವುಡ್‌ಹೌಸ್ ಕಾದಂಬರಿ ತಂದುಕೊಟ್ಟದ್ದು, ಇವನ್ನೆಲ್ಲ ಮಗ ಕಾರಿಯಪ್ಪನವರೇ ಹೇಳಿದ್ದರಿಂದ ನಮಗೆ ತಿಳಿಯಿತು. ಯಾವ ಡಿಬ್ರೀಫಿಂಗ್ ವರದಿಯಲ್ಲೂ ಇಂಥ ವಿವರಕ್ಕೆ ಕಾಲಂ ಇರಲ್ಲ.

ನಮ್ಮ ಸರ್ಕಾರಿ ದಾಖಲೆಗಳಂತೂ ಬೇಗ ಹೊರಗೆ ಬರೋವಲ್ಲ. ರಕ್ಷಣಾ ಇಲಾಖೆ 1965ರ ಯುದ್ಧದ ಇತಿಹಾಸವನ್ನ 1992ರಲ್ಲಿ ಸಿದ್ಧ ಮಾಡಿದರೂ, ಪತ್ರಿಕೆಯೊಂದು 2000ದಲ್ಲಿ ಇಂಟರ್ನೆಟ್ಟಿಗೆ ಹಾಕಿದ ಮೇಲಷ್ಟೇ ಜನಸಾಮಾನ್ಯರು ಓದುವಂತಾಯ್ತು. 2005ರಲ್ಲಿ ಪಿ. ವಿ. ಎಸ್. ಜಗನ್‌ಮೋಹನ್ ಮತ್ತು ಸಮೀರ್ ಚೋಪ್ರಾ ಆ ವಾಯುಯುದ್ಧದ ಬಗ್ಗೆ ದೊಡ್ಡ ಪುಸ್ತಕ ತಂದಾಗ, ಅದಕ್ಕೆ ಬಲ ಕೊಟ್ಟದ್ದು ಪೈಲಟ್‌ಗಳ ನೆನಪು, ಅದನ್ನ ತಾಳೆ ನೋಡಿದ ಎರಡೂ ದೇಶದ ದಾಖಲೆ.

1965ರಲ್ಲಿ 25 ವಯಸ್ಸಿದ್ದ ಪೈಲಟ್‌ಗೆ 2025ಕ್ಕೆ 85. ಅವರ ಜೊತೆ ವಿಮಾನದ ಎಂಜಿನ್ ನೋಡಿಕೊಂಡ, ಗುಂಡು ತುಂಬಿದ, ರೇಡಿಯೊ ರಿಪೇರಿ ಮಾಡಿದ ಏರ್‌ಮನ್‌ಗಳಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಪೈಲಟ್‌ಗಳಿಗಾದ್ರೂ ಕ್ಲಬ್ಬಿನ ಮೈಕ್ ಇದೆ, ಇಂಗ್ಲಿಷ್ ಇದೆ. ಹಳ್ಳಿಗೆ ವಾಪಸಾದ ಏರ್‌ಮನ್‌ಗೆ ಬೆಂಚು, ಮಿರ್ಚಿ ಅಷ್ಟೇ. ಅವರ ಮಾತು ಕನ್ನಡದಲ್ಲೇ ಇರುತ್ತೆ, ಬರೆದುಕೊಳ್ಳೋರು ಇಲ್ಲ.

ಮುಂದಿನ ಸಲ ಇಂಥ ಊಟಕ್ಕೆ ಹೋದಾಗ, ಅಥವಾ ಹಬ್ಬಕ್ಕೆ ಊರಿಗೆ ಹೋದಾಗ, ‘ಭಯ ಆಗಲಿಲ್ವಾ ಸಾರ್?’ ಅನ್ನೋದರ ಜೊತೆಗೆ ಇನ್ನೂ ಕೆಲವು ಪ್ರಶ್ನೆ ಕೇಳಿ. ಅವತ್ತು ತಾರೀಖು ಎಷ್ಟು? ಯಾವ ನೆಲೆ? ಜೊತೆಗೆ ಯಾರಿದ್ದರು? ವಾಪಸ್ ಬಾರದವರು ಯಾರು? ಪ್ರತಿ ಹಾರಾಟದ ದಿನ, ವಿಮಾನ, ಕೆಲಸ, ಹೊತ್ತು ಎಲ್ಲ ಬರೆದಿಟ್ಟ ಫ್ಲೈಯಿಂಗ್ ಲಾಗ್‌ಬುಕ್ ಪೈಲಟ್ ಮನೆಯ ಬೀರುವಿನಲ್ಲಿ ಇರಬಹುದು; ಒಪ್ಪಿದರೆ ಅದರ ಫೋಟೊ ತಗೊಳ್ಳಿ. ಅವರನ್ನ ಕೇಳಿ ಫೋನಿನ ರೆಕಾರ್ಡರ್ ಆನ್ ಮಾಡಿ. ಆಮೇಲೆ ಮನೆಗೆ ಬಂದು ತಾರೀಖು ತಾಳೆ ನೋಡಿ, ಎರಡು ಪುಟ ಬರೆದಿಡಿ. ದೇವಯ್ಯನವರಿಗೆ ಒಬ್ಬ ತನೇಜಾ ಇದ್ದರು. ಅಂಥವರಿಲ್ಲದವರ ಕತೆ ಕೇಳೋಕೆ ನಾವಾದರೂ ಒಂದು ಗಂಟೆ ಕೂರಬಹುದು.