ವಿದ್ಯಾರ್ಥಿಗೆ ಯಾಕೆ ವೇತನ?

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನಿಂದ ಚಿತ್ರದುರ್ಗದ ಕಾಲೇಜುಗಳಿಗೆ ಬಸ್ಸಿನಲ್ಲಿ ಬರುವವರು ‘ವಿದ್ಯಾರ್ಥಿವೇತನ’ ಎಂಬ ಪದವನ್ನು ನೋಡುವುದು ಅರ್ಜಿಯಲ್ಲಿ ಮಾತ್ರ. ಬಾಯಲ್ಲಿ ಆಡುವುದು ‘ಸ್ಕಾಲರ್‌ಶಿಪ್ ಬಿತ್ತಾ?’ ಎಂದೇ.

ವೇತನ ಎಂದರೆ ಕೂಲಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಭಕ್ತವೇತನ’ ಎಂದಿದೆ: ಅನ್ನ ಮತ್ತು ಸಂಬಳ. ಇದನ್ನು ವಿದ್ಯಾರ್ಥಿಗೆ ಜೋಡಿಸಿದವರು ಯಾರೋ, ಓದೂ ದುಡಿಮೆಯೇ ಎಂದು ಒಪ್ಪಿಕೊಂಡಂತಾಯಿತು. ಕೈಚಾಚಿ ಪಡೆಯುವ ದಾನಕ್ಕಿಂತ ಇದು ಮರ್ಯಾದೆಯ ಪದ.

ದಾನದ ಪದಗಳಿಗೇನೂ ನಮ್ಮಲ್ಲಿ ಬರವಿಲ್ಲ. ದತ್ತಿ, ಮಾನ್ಯ, ಉಂಬಳಿ ಎಂದು ಶಾಸನಗಳ ತುಂಬ ಇವೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನದಲ್ಲಿ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳನ್ನೂ ದೀಪದ ಖರ್ಚಿಗೆಂದೇ ಭೂಮಿಯನ್ನೂ ಬಿಟ್ಟ ವಿವರವಿದೆ. ವಿದ್ಯಾರ್ಥಿಯ ಮಾತಿರುವ ಶಾಸನ ನಮ್ಮ ಜಿಲ್ಲೆಯದೇ ಬೇಕೆಂದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬೇಕು. ಅಲ್ಲಿನ ಅಶೋಕನ ಶಾಸನ ಶಿಷ್ಯನನ್ನು ‘ಅಂತೇವಾಸಿ’ ಎನ್ನುತ್ತದೆ, ಗುರುವಿನ ಬಳಿಯೇ ಉಳಿದವನು. ಇವತ್ತಿನ ಹಾಸ್ಟೆಲ್ ಹುಡುಗನ ಮುತ್ತಾತ ಎನ್ನಿ. ಓದುವ ಬಡ ಹುಡುಗನ ಹೊಟ್ಟೆಗೆ ಒಂದು ಕಾಲದಲ್ಲಿ ವಾರಾನ್ನವೇ ಗತಿಯಾಗಿತ್ತು. ಆಮೇಲೆ ಸಿರಿಗೆರೆ, ಮುರುಘಾಮಠಗಳ ಪ್ರಸಾದನಿಲಯಗಳು ಬಂದವು, ಹಿಂದುಳಿದ ವರ್ಗಗಳಿಗೆ ಸರ್ಕಾರದ ಬಿಸಿಎಂ ಹಾಸ್ಟೆಲ್ ಬಂತು.

‘ಅನುದಾನ’ದ ದಾರಿಯೇ ಬೇರೆ. 1854ರ ವುಡ್ಸ್ ಡಿಸ್ಪ್ಯಾಚ್ ಖಾಸಗಿ ಶಾಲೆಗಳಿಗೆ ಸರ್ಕಾರದ ನೆರವು ಕೊಡಬೇಕೆಂದಿತು. ಆ ಬಗೆಯ ಗ್ರಾಂಟಿಗೆ ಕನ್ನಡದಲ್ಲಿ ಅನುದಾನವೆಂಬ ಹೆಸರು ನಿಂತಿತು. ಹಾಗಾಗಿ ನಮ್ಮಲ್ಲಿ ಅನುದಾನಿತ ಕಾಲೇಜು ಉಂಟು, ಅನುದಾನಿತ ವಿದ್ಯಾರ್ಥಿ ಇಲ್ಲ. ಅಮೆರಿಕದಲ್ಲಿ ಗ್ರಾಂಟ್ ವಿದ್ಯಾರ್ಥಿಗೇ ಸಿಗುತ್ತದೆ. ಮನೆಯ ಕಷ್ಟ ನೋಡಿ ಕೊಟ್ಟರೆ ಅದು ಸಾಮಾನ್ಯವಾಗಿ ಗ್ರಾಂಟ್, ಅಂಕವನ್ನೋ ಆಟವನ್ನೋ ನೋಡಿ ಕೊಟ್ಟರೆ ಸ್ಕಾಲರ್‌ಶಿಪ್. ಎರಡನ್ನೂ ವಾಪಸ್ ಕಟ್ಟಬೇಕಿಲ್ಲ.

ಈ ಲೆಕ್ಕದಲ್ಲಿ ನಮ್ಮ ವಿದ್ಯಾರ್ಥಿವೇತನದ ಬಹುಪಾಲು ಗ್ರಾಂಟೇ. 1944ರಲ್ಲಿ ಶುರುವಾದ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಬೇಕಾಗುವುದು ಜಾತಿ, ಆದಾಯ ಪ್ರಮಾಣಪತ್ರ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡಲೆಂದು ಆರಂಭವಾದ ‘ವಿದ್ಯಾಸಿರಿ’ಯೂ ಇದೇ ಜಾತಿಯದು. ಅಂಕಕ್ಕೆ ಸಿಗುವುದಕ್ಕೆ ಪ್ರತಿಭಾ ಪುರಸ್ಕಾರ, ಪ್ರೋತ್ಸಾಹಧನ ಎಂಬ ಬೇರೆ ಹೆಸರುಗಳಿವೆ.

ಹೆಸರು ಕೇಳಿ ಮೋಸಹೋಗಬಹುದಾದದ್ದು ಒಂದಿದೆ. ‘ಅರಿವು’ ಎಂದರೆ ವೇತನವೂ ಅಲ್ಲ, ದತ್ತಿಯೂ ಅಲ್ಲ, ಸರ್ಕಾರದ ಅಭಿವೃದ್ಧಿ ನಿಗಮ ಕೊಡುವ ಸಾಲ. ಓದು ಮುಗಿದ ಮೇಲೆ ಕಂತು ಕಟ್ಟಬೇಕು. ಸಹಿ ಹಾಕುವ ಮುಂಚೆ ಅರ್ಜಿಯಲ್ಲಿ ‘ಮರುಪಾವತಿ’ ಎಂಬ ಪದ ಇದೆಯೇ ಎಂದು ಒಮ್ಮೆ ಓದಿಕೊಳ್ಳಿ.